ಸೆಮಿ-ಹಾಲೋ ಗಿಟಾರ್: ಎಫ್ ರಂಧ್ರದ ಒಳಗೆ ಏನಿದೆ ಎಂದು ನೋಡಿ ಕೊಳ್ಳುವುದು ಹೇಗೆ?

ಆರು ತಂತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರನ್ನು ಕೆಲವು ವರ್ಷಗಳಿಂದ ನುಡಿಸುತ್ತಿದ್ದೇನೆ. ಗಣೇಶೋತ್ಸವ, ರಾಜ್ಯೋತ್ಸವ, ಆರತಕ್ಷತೆ, ಜಾತ್ರೆಯ ರಸಮಂಜರಿ, ಇವೇ ನಮ್ಮ ತಂಡದ ವೇದಿಕೆಗಳು. ಎಪ್ಪತ್ತು, ಎಂಬತ್ತರ ದಶಕದ ಚಿತ್ರಗೀತೆಗಳನ್ನು ಜನ ಕೇಳಿ ಕೇಳಿ ಹಾಡಿಸುತ್ತಾರೆ. ಆ ಹಾಡುಗಳಿಗೆ ನನ್ನ ಗಿಟಾರಿನ ದನಿ ತೀರಾ ಚೂಪಾಗಿದೆ. ದುಂಡನೆಯ, ಸ್ವಲ್ಪ ಮರದ ವಾಸನೆ ಇರುವ ದನಿ ಬೇಕು.

ಪಿಟೀಲಿಗಿರುವಂತೆ ಎರಡು ಎಫ್ ರಂಧ್ರಗಳಿರುವ ಗಿಟಾರಿನ ಮೇಲೆ ಮನಸ್ಸಾಗಿದೆ. ನಲವತ್ತು ಸಾವಿರ ಕೂಡಿಟ್ಟಿದ್ದೇನೆ. ಇಲ್ಲಿ ನಾನು ನೋಡಿದ ಅಂಗಡಿಗಳಲ್ಲಿ ಆ ಬಗೆಯದು ಇರಲಿಲ್ಲ. ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ಚಿತ್ರದಲ್ಲಿ ನೋಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಕಾಣುತ್ತವೆ. ಒಂದಕ್ಕೆ ಹಾಲೋ ಎನ್ನುತ್ತಾರೆ, ಇನ್ನೊಂದಕ್ಕೆ ಸೆಮಿ-ಹಾಲೋ ಎನ್ನುತ್ತಾರೆ. ನಮ್ಮ ತಂಡದ ಕೀಬೋರ್ಡ್ ಅಣ್ಣ ಬೇರೆ, "ಪೆಂಡಾಲಿನಲ್ಲಿ ಅದು ಕೂಗಿ ಕಾರ್ಯಕ್ರಮ ಕೆಡಿಸುತ್ತದೆ" ಎಂದು ಹೇಳಿದ್ದಾರೆ. ಬಲ್ಲವರು ಬಿಡಿಸಿ ಹೇಳಬೇಕು.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ತಮ್ಮಾ, ನಿಮ್ಮ ಕೀಬೋರ್ಡ್ ಅಣ್ಣನ ಮಾತು ಅರ್ಧ ನಿಜ. ಕೂಗುವುದು ಪೂರ್ತಿ ಟೊಳ್ಳಿನ ಗಿಟಾರ್. ಹೊರಗಿನಿಂದ ಅದರಂತೆಯೇ ಕಾಣುವ ಸೆಮಿ-ಹಾಲೋ ಅಷ್ಟು ಸುಲಭವಾಗಿ ಕೂಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ವಸ್ತು ಒಂದೇ, ಒಡಲಿನ ನಡುವೆ ಕುತ್ತಿಗೆಯ ಬುಡದಿಂದ ಕೆಳಗಿನ ಅಂಚಿನವರೆಗೆ ಹಾಯುವ ಗಟ್ಟಿ ಮರದ ದಿಮ್ಮಿ. ಸೆಂಟರ್ ಬ್ಲಾಕ್ ಎನ್ನುವುದು ಅದನ್ನೇ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳು, ತಂತಿಗೆ ಆಸರೆ ಕೊಡುವ ಬ್ರಿಡ್ಜ್, ತಂತಿಯ ತುದಿ ಹಿಡಿಯುವ ಟೇಲ್‌ಪೀಸ್ ಎಲ್ಲವೂ ಕೂರುವುದು ಅದರ ಮೇಲೆ. ಎರಡು ಪಕ್ಕಗಳು ಮಾತ್ರ ಟೊಳ್ಳು. ಎಫ್ ರಂಧ್ರ ತೆರೆಯುವುದು ಆ ಟೊಳ್ಳಿಗೆ.

ಕೂಗು ಹುಟ್ಟುವ ಬಗೆ ತಿಳಿದರೆ ದಿಮ್ಮಿಯ ಬೆಲೆ ತಿಳಿಯುತ್ತದೆ. ಆಂಪ್‌ನಿಂದ ಹೊರಟ ಸದ್ದು ಗಿಟಾರಿನ ಮೇಲ್ಹಲಗೆಯನ್ನು ಅಲುಗಿಸುತ್ತದೆ. ಹಲಗೆಯ ಮೇಲೆ ನಿಂತ ಬ್ರಿಡ್ಜ್ ಅಲುಗಿದರೆ ತಂತಿಯೂ ಅಲುಗುತ್ತದೆ. ಪಿಕಪ್ ಆ ಅಲುಗಾಟವನ್ನು ಹಿಡಿದು ಮತ್ತೆ ಆಂಪ್‌ಗೆ ಕಳುಹಿಸುತ್ತದೆ. ಈ ಸುತ್ತು ಮುಗಿಯುವುದೇ ಇಲ್ಲ, ಪ್ರತಿ ಸುತ್ತಿಗೂ ಸದ್ದು ಏರುತ್ತದೆ. ಬ್ರಿಡ್ಜ್ ಭಾರದ ದಿಮ್ಮಿಯ ಮೇಲೆ ನಿಂತಿದ್ದರೆ ಹೊರಗಿನ ಸದ್ದಿಗೆ ಅದನ್ನು ಅಲುಗಿಸುವುದು ಕಷ್ಟ. ತಂತಿಯ ಶಕ್ತಿ ಹಲಗೆಗೆ ಬೇಗ ಸೋರಿಹೋಗದೆ ಇರುವುದರಿಂದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಇನ್ನೊಂದು ಲಾಭ.

ಇದರ ಹಿಂದೆ ಒಂದು ಕಥೆಯಿದೆ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ಅಮೆರಿಕದ ವಾದಕ ನಾಲ್ಕಿಂಚು ದಪ್ಪ, ನಾಲ್ಕಿಂಚು ಅಗಲದ ಪೈನ್ ಮರದ ತೊಲೆಗೆ ತಂತಿ, ಪಿಕಪ್ ಕಟ್ಟಿ ನುಡಿಸಿದರು. ಬರಿಯ ತೊಲೆಯನ್ನು ಜನ ಗಿಟಾರ್ ಎಂದು ಒಪ್ಪಲಿಲ್ಲ. ಆಗ ಹಳೆಯ ಟೊಳ್ಳು ಗಿಟಾರೊಂದನ್ನು ಉದ್ದಕ್ಕೆ ಸೀಳಿ ಎರಡು ಪಕ್ಕಕ್ಕೂ ರೆಕ್ಕೆಯಂತೆ ಅಂಟಿಸಿದರು. ನಡುವೆ ಗಟ್ಟಿ, ಬದಿಗೆ ಟೊಳ್ಳು ಎಂಬ ಈ ಕಟ್ಟು ಕಾರ್ಖಾನೆಯಿಂದ ಅಚ್ಚುಕಟ್ಟಾಗಿ ಹೊರಬಂದದ್ದು 1958ರಲ್ಲಿ, ಗಿಬ್ಸನ್ ಕಂಪನಿಯ ಇ.ಎಸ್.-335 ಆಗಿ. ಇಂದು ಮಾರುಕಟ್ಟೆಯಲ್ಲಿರುವ ಸೆಮಿ-ಹಾಲೋಗಳಲ್ಲಿ ಬಹುಪಾಲು ಅದರ ಸಂತತಿಯೇ.

ಒಡಲು ಪ್ಲೈವುಡ್ಡಿನದು ಎಂದು ಯಾರಾದರೂ ಮೂಗು ಮುರಿದರೆ ಕಿವಿಗೊಡಬೇಡಿ. ಮೂಲ 335ರ ಹಲಗೆಯೇ ಮೇಪಲ್, ಪಾಪ್ಲರ್, ಮೇಪಲ್ ಪದರಗಳನ್ನು ಒತ್ತಿ ಅಂಟಿಸಿದ್ದು. ಪದರದ ಹಲಗೆ ಬಿಗಿ, ಕಂಪನ ಕಡಿಮೆ, ಆದ್ದರಿಂದ ಕೂಗೂ ಕಡಿಮೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಒಂಟಿ ಹಲಗೆಯಂತೆ ಬಿರುಕು ಬಿಡುವ ಭಯವೂ ಕಡಿಮೆ.

ಮಿಕ್ಸರ್ ಹಿಂದೆ, ದಾವಣಗೆರೆ

ರಸಮಂಜರಿಗಳಿಗೆ ಸೌಂಡ್ ಸಿಸ್ಟಂ ಹಾಕುವ ಕೆಲಸ ನನ್ನದು. ಜೋಗಿಮಟ್ಟಿಯವರು ಹೇಳಿದ ಸುತ್ತು ಆಂಪ್‌ನಿಂದ ಆಗುತ್ತದೆ ನಿಜ, ಆದರೆ ನಮ್ಮ ಕಡೆಯ ವೇದಿಕೆಗಳಲ್ಲಿ ಗಿಟಾರಿಗೆ ಆಂಪ್ ಇರುವುದೇ ಅಪರೂಪ. ಪ್ರೊಸೆಸರಿನಿಂದ, ಅಂದರೆ ಗಿಟಾರಿನ ದನಿ ಹದಗೊಳಿಸುವ ಪೆಟ್ಟಿಗೆಯಿಂದ, ನೇರ ಮಿಕ್ಸರ್‌ಗೆ ಕೊಡುತ್ತಾರೆ. ಆಗ ಗಿಟಾರನ್ನು ಅಲುಗಿಸುವುದು ಕಾಲಬುಡದ ಮಾನಿಟರ್ (ವಾದಕರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರ್) ಮತ್ತು ಪಕ್ಕದಲ್ಲೇ ಅಟ್ಟಿ ಕಟ್ಟಿದ ಬೇಸ್ ಪೆಟ್ಟಿಗೆಗಳು. ಹೈಸ್ಕೂಲ್ ಮೈದಾನದ ಗಣಪತಿ ಪೆಂಡಾಲಿನಂತಹ ಕಡೆ ಆ ಪೆಟ್ಟಿಗೆಗಳ ಸದ್ದು ಎದೆಗೆ ಗುದ್ದುತ್ತದೆ, ಟೊಳ್ಳು ಗಿಟಾರನ್ನು ಬಿಡುತ್ತದೆಯೇ? ಸೆಂಟರ್ ಬ್ಲಾಕ್ ಇರುವ ಗಿಟಾರ್ ತಂದರೆ ನನ್ನ ಕೆಲಸ ಹಗುರ. ಪೂರ್ತಿ ಟೊಳ್ಳು ತಂದರೆ ನಿಮ್ಮ ಸದ್ದನ್ನು ಇಳಿಸುವುದೊಂದೇ ದಾರಿ, ಆಮೇಲೆ ಕೇಳಿಸುತ್ತಿಲ್ಲ ಎಂದು ನೀವೇ ಕೈಸನ್ನೆ ಮಾಡುತ್ತೀರಿ.

ಸೆಮಿ-ಹಾಲೋ ಆದರೂ ಕೆಲವು ರೂಢಿ ಬೇಕು. ಮಾನಿಟರ್‌ಗೆ ಎದೆಯೊಡ್ಡಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ನಿರೂಪಕರು ಮಾತನಾಡುವಾಗ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಕೂಗು ಸಾಮಾನ್ಯವಾಗಿ ಕೆಳಗಿನ ಸ್ವರಗಳಲ್ಲಿ ಹುಟ್ಟುತ್ತದೆ. ಐದನೇ ತಂತಿಯನ್ನು ಒತ್ತದೆ ಮೀಟಿದರೆ 110 ಹರ್ಟ್ಜ್. ಆ ಆಸುಪಾಸಿನಲ್ಲಿ ಯಾವ ಕಂಪನಾಂಕ ಊದಿಕೊಳ್ಳುತ್ತದೆ ಎಂದು ಸೌಂಡ್ ಚೆಕ್‌ನಲ್ಲೇ ಹುಡುಕಿ ಅದೊಂದನ್ನೇ ತಗ್ಗಿಸಬೇಕು. ಇಡೀ ಬೇಸ್ ಇಳಿಸಿದರೆ ನೀವು ಹಣ ಕೊಟ್ಟು ಕೊಂಡ ದುಂಡು ದನಿಯೇ ಹೋಗುತ್ತದೆ. ಅಮೆರಿಕದ ಬ್ಲೂಸ್ ವಾದಕ ಬಿ.ಬಿ. ಕಿಂಗ್ ಅವರು ಎಫ್ ರಂಧ್ರಗಳಿಗೆ ಬಟ್ಟೆ ತುರುಕಿ ನುಡಿಸುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರ ಹೆಸರಿನಲ್ಲಿ ತಂದ ಲುಸಿಲ್ ಗಿಟಾರಿನಲ್ಲಿ ರಂಧ್ರಗಳನ್ನೇ ಬಿಟ್ಟರು. ನೀವು ಸ್ಪಂಜಿನ ತುಂಡು ಕತ್ತರಿಸಿ ಇಟ್ಟುಕೊಂಡರೆ ಸಾಕು, ಬೇಕಾದಾಗ ತುರುಕಬಹುದು.

ಪ್ರೊಸೆಸರ್ ಇಲ್ಲದೆ ಗಿಟಾರನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚಬೇಡಿ. ಗಿಟಾರಿನ ಪಿಕಪ್‌ಗೆ ಸುಮಾರು 1 ಮೆಗಾ ಓಮ್ ಪ್ರತಿರೋಧದ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ ಮೇಲಿನ ಸ್ವರಗಳ ಹೊಳಪೆಲ್ಲ ಸತ್ತು ಹೋಗುತ್ತದೆ. ಗಿಟಾರ್ ಸರಿಯಿಲ್ಲ ಎಂದು ಬೈದುಕೊಳ್ಳುವವರನ್ನು ನೋಡಿದ್ದೇನೆ, ಗಿಟಾರಿನ ತಪ್ಪು ಏನೂ ಇರುವುದಿಲ್ಲ.

ಕೆರೆ ಏರಿ, ದಾವಣಗೆರೆ

ಎಲ್ಲರೂ ವೇದಿಕೆಯ ಮಾತನ್ನೇ ಆಡುತ್ತಿದ್ದೀರಿ. ನಾನು ಮನೆಯಲ್ಲಿ, ಕಡಿಮೆ ಸದ್ದಿನಲ್ಲಿ ನುಡಿಸುವವಳು. ಪೂರ್ತಿ ಟೊಳ್ಳಿನ ಗಿಟಾರಿಗೆ ಸಮನಾದುದು ನನ್ನ ಪಾಲಿಗೆ ಬೇರೆ ಇಲ್ಲ. ಆಂಪ್‌ಗೆ ಸಿಕ್ಕಿಸದೆ ರಾತ್ರಿ ಹೊತ್ತು ಕೈಗೆತ್ತಿಕೊಂಡರೂ ಕೋಣೆ ತುಂಬುವಷ್ಟು ಸದ್ದು ಬರುತ್ತದೆ. ಮೀಟಿದ ಕ್ಷಣದ ಟಕ್ ಎನ್ನುವ ಮರದ ದನಿ, ಬೇಗ ಆರುವ ಸ್ವರ, ಇವೆರಡೂ ಸೇರಿ ಹಳೆಯ ಹಾಡಿನ ಲಯಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದು ಕೇಳಿಯೇ ತಿಳಿಯಬೇಕು. ಎಪಿಫೋನ್ ಕ್ಯಾಸಿನೊ 335ರ ಅವಳಿಯಂತೆ ಕಾಣುತ್ತದೆ, ಆದರೆ ಒಳಗೆ ದಿಮ್ಮಿ ಇಲ್ಲ. ಬೀಟಲ್ಸ್ ತಂಡದ ಮೂವರು ಗಿಟಾರ್ ವಾದಕರೂ ಅದನ್ನು ಬಳಸಿದ್ದರು. ಕೂಗುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಪಟ್ಟಿಯಿಂದ ತೆಗೆಯಬೇಡಿ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಅಕ್ಕ ಹೇಳಿದ್ದು ಸರಿ. ಆದರೆ ಈ ತಮ್ಮನ ಕೈಯಲ್ಲಿ ಒಂದೇ ಗಿಟಾರಿಗೆ ಆಗುವಷ್ಟು ಹಣವಿದೆ, ಅವರ ದುಡಿಮೆ ಪೆಂಡಾಲಿನಲ್ಲಿದೆ. ಆ ಲೆಕ್ಕದಲ್ಲಿ ನನ್ನ ಮತ ದಿಮ್ಮಿಗೇ.

ಕ್ಯಾಸಿನೊ ಮಾತು ಬಂದದ್ದರಿಂದ ಗುರುತು ಹಿಡಿಯುವ ಬಗೆಯನ್ನೂ ಹೇಳಿಬಿಡುತ್ತೇನೆ. ಕ್ಯಾಸಿನೊದಲ್ಲಿ ಕುತ್ತಿಗೆ ಒಡಲನ್ನು ಸೇರುವುದು 16ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಬಳಿ, 335ರಲ್ಲಿ 19ನೇ ಫ್ರೆಟ್ ಬಳಿ. ಮೇಲಿನ ಸ್ವರಗಳಿಗೆ ಕೈ ಎಟಕುವುದರಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಐಬಾನೆಜ್ ಆರ್ಟ್‌ಕೋರ್ ಸಾಲಿನಲ್ಲಿ ಹೆಸರೇ ಹೇಳುತ್ತದೆ, ಎ.ಎಸ್. ಎಂದು ಶುರುವಾದರೆ ಸೆಮಿ-ಹಾಲೋ, ಎ.ಎಫ್. ಎಂದಿದ್ದರೆ ಪೂರ್ತಿ ಟೊಳ್ಳು. ಗ್ರೆಚ್ ಸ್ಟ್ರೀಮ್‌ಲೈನರ್ ಸಾಲಿನಲ್ಲಿ ಎರಡೂ ಬಗೆ ಇವೆ, ಹೆಸರಿನಲ್ಲಿ ಸೆಂಟರ್ ಬ್ಲಾಕ್ ಎಂದಿದೆಯೇ ನೋಡಿ.

ಗಿಟಾರ್ ಕೈಗೆ ಸಿಕ್ಕಾಗ ಮೊಬೈಲಿನ ಟಾರ್ಚ್ ಹಚ್ಚಿ ಎಫ್ ರಂಧ್ರದಲ್ಲಿ ಓರೆಯಾಗಿ ಬೆಳಕು ಬಿಡಿ. ಬ್ರಿಡ್ಜ್ ಇರುವ ಕಡೆಗೆ ಕಣ್ಣು ಹಾಯಿಸಿದರೆ ಮೇಲ್ಹಲಗೆಯಿಂದ ಕೆಳಹಲಗೆಯವರೆಗೆ ಗೋಡೆಯಂತೆ ನಿಂತ ಮರ ಕಾಣಬೇಕು. ಅದು ಹಲಗೆಗೆ ಕೂಡುವ ಗೆರೆಯಲ್ಲಿ ಅಂಟು ಒಂದೇ ಸಮನೆ ಹರಿದಿದೆಯೇ, ಎಲ್ಲಾದರೂ ಕೂದಲೆಳೆಯಷ್ಟು ಸಂದು ಬಿಟ್ಟಿದೆಯೇ ನೋಡಿ. ಒಂದು ರಂಧ್ರದಿಂದ ಬಿಟ್ಟ ಬೆಳಕು ಇನ್ನೊಂದು ರಂಧ್ರದಲ್ಲಿ ಧಾರಾಳವಾಗಿ ಕಂಡರೆ ನಡುವೆ ದಿಮ್ಮಿ ಇಲ್ಲ ಎಂದೇ ಅರ್ಥ. ಬೆರಳಗೆಣ್ಣಿನಿಂದ ಮೆಲ್ಲಗೆ ಬಡಿದು ನೋಡಿದರೂ ತಿಳಿಯುತ್ತದೆ. ಪಕ್ಕದ ರೆಕ್ಕೆಯಲ್ಲಿ ಡಬ್ ಎನ್ನುತ್ತದೆ, ನಡುವೆ ಟಕ್ ಎಂದು ಅಲ್ಲಿಗೇ ನಿಲ್ಲುತ್ತದೆ.

ಆರು ತಂತಿ, ದಾವಣಗೆರೆ

ಜೋಗಿಮಟ್ಟಿ ಅಣ್ಣಾ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಇನ್ನೊಂದು ತೊಂದರೆ ಕೇಳುತ್ತೇನೆ. ಈಗಿನ ಗಿಟಾರಿನಲ್ಲಿ ಮನೆಯಲ್ಲೂ ವೇದಿಕೆಯಲ್ಲೂ ಗುಂಯ್ ಎನ್ನುವ ಸದ್ದು ಬಿಡದೆ ಕಾಡುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಬಂದರಂತೂ ಕೇಳುವಂತಿಲ್ಲ. ಹಂಬಕರ್ ಪಿಕಪ್ ಇರುವ ಗಿಟಾರ್ ತಂದರೆ ಇದು ಪೂರ್ತಿ ನಿಲ್ಲುತ್ತದೆಯೇ?

ಮಿಕ್ಸರ್ ಹಿಂದೆ, ದಾವಣಗೆರೆ

ಬಹಳ ಮಟ್ಟಿಗೆ ನಿಲ್ಲುತ್ತದೆ, ಪೂರ್ತಿ ಅಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಟ್ರಾನ್ಸ್‌ಫಾರ್ಮರ್, ಸೀರಿಯಲ್ ಸೆಟ್, ಫ್ಯಾನ್ ರೆಗ್ಯುಲೇಟರ್, ಎಲ್ಲದರ ಸುತ್ತ ಹರಡುವ ಕಾಂತಕ್ಷೇತ್ರವನ್ನು ಒಂಟಿ ಸುರುಳಿಯ ಪಿಕಪ್ ತಂತಿಯ ಸದ್ದಿನ ಜೊತೆಗೇ ಹೀರುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳಿವೆ. ಕಾಂತದ ಧ್ರುವವೂ ಸುತ್ತಿನ ದಿಕ್ಕೂ ಒಂದಕ್ಕೊಂದು ವಿರುದ್ಧ. ತಂತಿಯ ಸದ್ದು ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಕಳೆಯುತ್ತದೆ. ಗಿಬ್ಸನ್‌ನ ಸೆತ್ ಲವರ್ ರೂಪಿಸಿದ ಈ ಪಿಕಪ್ 1957ರಲ್ಲಿ ಅವರ ಗಿಟಾರುಗಳಿಗೆ ಬಂತು, ಮರುವರ್ಷದ 335ಕ್ಕೆ ಇದನ್ನೇ ಕೂರಿಸಿದರು. ಕ್ಯಾಸಿನೊದಲ್ಲಿರುವ ಪಿ-90 ಪಿಕಪ್‌ನ ದನಿ ಸೊಗಸು, ಆದರೆ ಅದು ಒಂಟಿ ಸುರುಳಿ. ಪೆಂಡಾಲಿನ ದೀಪಗಳ ನಡುವೆ ಅದು ಗುಂಯ್ ಎನ್ನುವುದು ಖಂಡಿತ.

ಇನ್ವರ್ಟರಿನ ಕಥೆ ಬೇರೆ. ಸ್ಕ್ವೇರ್ ವೇವ್ ಇನ್ವರ್ಟರ್ ಚೌಕದಲೆಯ ವಿದ್ಯುತ್ ಕೊಡುತ್ತದೆ. ಅದರ ಕರಕರ ಸದ್ದು ಪ್ರೊಸೆಸರಿನ ಅಡಾಪ್ಟರ್ ಮೂಲಕವೂ ಒಳಬರಬಹುದು. ಅದನ್ನು ಯಾವ ಪಿಕಪ್ ಕೂಡ ತಡೆಯಲಾರದು. ಸೈನ್ ವೇವ್ ಇನ್ವರ್ಟರ್ ಆದರೆ ವಾಸಿ.

ಈಗ ಎಲ್ಲರೂ ಗಮನವಿಟ್ಟು ಓದಬೇಕಾದ ಮಾತು. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಿಟಾರಿನ ಒಳಗಿನ ಅರ್ಥ್ ತಂತಿ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ವೈರಿಂಗ್ ಅಥವಾ ಅರ್ಥಿಂಗ್ ದೋಷವಿದೆ. ಕೈಯಲ್ಲಿ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದಾಗ ಜುಮ್ ಎಂದರೆ ಆ ಕ್ಷಣವೇ ನಿಲ್ಲಿಸಿ. ತಂತಿಯ ಮೂಲಕ ನಿಮ್ಮ ಮೈ ಆಂಪ್‌ನ ಅರ್ಥ್‌ಗೆ ಕೂಡಿರುತ್ತದೆ, ಮೈಕ್ ಇನ್ನೊಂದು ಬೋರ್ಡಿನ ಅರ್ಥ್‌ಗೆ ಕೂಡಿರುತ್ತದೆ, ಎರಡರ ನಡುವಿನ ವೋಲ್ಟೇಜ್ ನಿಮ್ಮ ಮೂಲಕ ಹರಿಯುತ್ತದೆ. ಇದರಿಂದ ಜೀವ ಹೋಗಬಹುದು. ಗುಂಯ್ ನಿಲ್ಲುತ್ತದೆಂದು ಮೂರು ಪಿನ್ನಿನ ಪ್ಲಗ್‌ನ ಮೇಲಿನ ದಪ್ಪ ಪಿನ್ ಕಿತ್ತುಹಾಕುವವರಿದ್ದಾರೆ. ಆ ಕೆಲಸ ಎಂದಿಗೂ ಬೇಡ. ಮಿಕ್ಸರ್, ಆಂಪ್, ಪ್ರೊಸೆಸರ್ ಮೂರಕ್ಕೂ ಒಂದೇ ಬೋರ್ಡಿನಿಂದ, ಅರ್ಥ್ ಪರೀಕ್ಷಿಸಿದ ಪ್ಲಗ್‌ನಿಂದ ವಿದ್ಯುತ್ ಕೇಳಿ ಪಡೆಯಿರಿ. ಜನರೇಟರ್ ಇದ್ದ ದಿನ ಎರಡು ಸಲ ಕೇಳಿ.

ತೆಂಗಿನ ತೋಟ, ಹೊಸದುರ್ಗ

ಹಳೆಯ ಗಿಟಾರ್ ಕೊಳ್ಳುವ ಯೋಚನೆ ಇದ್ದರೆ ಮೊದಲು ತಲೆಯ ಹಿಂಭಾಗ ನೋಡಿ. ಈ ಬಗೆಯವುಗಳ ತಲೆ ಹಿಂದಕ್ಕೆ ಬಾಗಿರುತ್ತದೆ, ನಟ್ (ತಲೆಯ ಬುಡದಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಹಿಂದಿನ ಆ ಕತ್ತಿನಲ್ಲೇ ಮರ ತೆಳು. ಬಿದ್ದರೆ ಮುರಿಯುವುದು ಅಲ್ಲೇ. ಬಣ್ಣದ ಅಡಿಯಲ್ಲಿ ಉಗುರಿಗೆ ತಡೆಯುವ ಗೆರೆ ಸಿಕ್ಕರೆ ಅಂಟಿಸಿ ಮೆತ್ತಿದ್ದಾರೆ ಎಂದುಕೊಳ್ಳಿ.

ಎರಡನೆಯದು ನಾಬ್‌ಗಳು. ನಾಲ್ಕನ್ನೂ ತಿರುಗಿಸಿ ನೋಡಿ, ಕರಕರ ಎಂದರೆ ಬೆಲೆ ಇಳಿಸಿ ಕೇಳಿ. ಏಕೆಂದರೆ ಬಹಳಷ್ಟು ಸೆಮಿ-ಹಾಲೋಗಳಿಗೆ ಹಿಂದೆ ಮುಚ್ಚಳವೇ ಇಲ್ಲ. ಒಂದು ಪಾಟ್ (ನಾಬ್ ತಿರುಗಿಸುವ ಒಳಗಿನ ಬಿಡಿಭಾಗ) ಬದಲಾಯಿಸಬೇಕೆಂದರೆ ಎಲ್ಲವನ್ನೂ ಎಫ್ ರಂಧ್ರದಿಂದಲೇ ಹೊರತೆಗೆದು ಅದರಿಂದಲೇ ಒಳಸೇರಿಸಬೇಕು. ನಾನು ಮಾಡುವ ಕ್ರಮ ಹೀಗೆ: ನಾಬ್ ಕಿತ್ತು, ಪಾಟ್ ಹಿಡಿದಿರುವ ಲೋಹದ ನಟ್ ಬಿಚ್ಚುವ ಮೊದಲೇ ಪ್ರತಿ ಪಾಟ್‌ನ ಕಡ್ಡಿಗೂ ಗಟ್ಟಿ ನೂಲು ಬಿಗಿಯಾಗಿ ಸುತ್ತಿ ಕಟ್ಟುತ್ತೇನೆ, ಒಂದೊಂದಕ್ಕೆ ಒಂದೊಂದು ಬಣ್ಣ. ಪಾಟ್ ಒಳಗಿಳಿದು ರಂಧ್ರದಿಂದ ಹೊರಬಂದರೂ ನೂಲಿನ ಇನ್ನೊಂದು ತುದಿ ತನ್ನ ತೂತಿನಲ್ಲೇ ಉಳಿದಿರುತ್ತದೆ. ಸೋಲ್ಡರ್ ಮುಗಿದ ಮೇಲೆ ನೂಲೆಳೆದರೆ ಪಾಟ್ ತನ್ನ ಜಾಗಕ್ಕೆ ತಾನೇ ಬಂದು ಕಡ್ಡಿ ಹೊರಚಾಚುತ್ತದೆ. ಎಫ್ ರಂಧ್ರದ ಅಂಚಿಗೆ ಅಂಟುಪಟ್ಟಿ ಹಚ್ಚಿದ್ದರೆ ಬಣ್ಣ ಗೀಚುವುದಿಲ್ಲ. ರಿಪೇರಿಗೆ ಕೊಡುವುದಿದ್ದರೆ ಈ ಕೆಲಸ ಮಾಡಿದವರಿಗೇ ಕೊಡಿ. ಟಿ.ವಿ. ಸೋಲ್ಡರಿನಲ್ಲಿ ಎಷ್ಟೇ ನುರಿತವರಾಗಿರಲಿ, ಇದು ಬೇರೆಯೇ ತಾಳ್ಮೆ ಬೇಡುತ್ತದೆ.

ಕೋಟೆ ಬಾಗಿಲು, ಚಿತ್ರದುರ್ಗ

ಯಾರೂ ಟೆಲಿಕಾಸ್ಟರ್ ಥಿನ್‌ಲೈನ್ ಹೆಸರು ಎತ್ತಲಿಲ್ಲ. 1968ರಲ್ಲಿ ಫೆಂಡರ್ ತಂದದ್ದು. ಗಟ್ಟಿ ಮರವನ್ನೇ ಒಳಗೆ ಕೊರೆದು ಟೊಳ್ಳು ಮಾಡಿ, ಒಂದೇ ಎಫ್ ರಂಧ್ರ ಇಟ್ಟದ್ದು. ಹಗುರ, ಚಿಕ್ಕದು, ಮಾಮೂಲಿ ಚೀಲದಲ್ಲಿ ಹಿಡಿಯುತ್ತದೆ. ಕುತ್ತಿಗೆ ಬೋಲ್ಟ್‌ನಲ್ಲಿ ನಿಂತಿರುವುದರಿಂದ ಕೆಟ್ಟರೆ ಬದಲಾಯಿಸುವುದೂ ಸುಲಭ. ರಸಮಂಜರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಒಳ್ಳೆಯ ಗಿಟಾರ್, ಆದರೆ ಪ್ರಶ್ನೆಗೆ ಉತ್ತರವಲ್ಲ. ಈಗಿನ ದನಿ ಚೂಪು ಎಂಬುದೇ ಅವರ ದೂರು. ಥಿನ್‌ಲೈನ್‌ಗೆ ಸಾಮಾನ್ಯವಾಗಿ ಒಂಟಿ ಸುರುಳಿಯ ಪಿಕಪ್, ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 648 ಮಿಲಿಮೀಟರ್. ಎರಡೂ ದನಿಯನ್ನು ಹೊಳಪಿನ ಕಡೆಗೇ ಒಯ್ಯುತ್ತವೆ. 335 ಬಗೆಯದರಲ್ಲಿ ಆ ಅಳತೆ 628 ಮಿಲಿಮೀಟರ್. ಅದೇ ದಪ್ಪದ ತಂತಿ ಅದೇ ಶ್ರುತಿಯಲ್ಲಿ ಸ್ವಲ್ಪ ಸಡಿಲವಾಗಿ ನಿಲ್ಲುತ್ತದೆ, ಎಳೆದು ಗಮಕ ತರಲು ಬೆರಳಿಗೆ ಹಿತ. ನಮ್ಮ ಹಾಡುಗಳಲ್ಲಿ ಜಾರು, ಎಳೆತ ಹೆಚ್ಚಾಗಿರುವುದರಿಂದ ಇದನ್ನು ನಾನು ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ.

ಬೆಂಗಳೂರಿನ ಅಂಗಡಿಗೆ ಹೋದಾಗ ನಿಮಗೆ ಬಾಯಿಪಾಠವಿರುವ ಒಂದೇ ಹಾಡನ್ನು ಎಲ್ಲ ಗಿಟಾರಿನಲ್ಲೂ ಒಂದೇ ಆಂಪ್‌ನಲ್ಲಿ ನುಡಿಸಿ. ಮೊದಲು ಆಂಪ್‌ಗೆ ಸಿಕ್ಕಿಸದೆ ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ನೋಡಿ. ಎಲ್ಲಾದರೂ ಝರ್ ಎಂದರೆ ಅಥವಾ ಸ್ವರ ಉಸಿರು ಕಟ್ಟಿದಂತೆ ಸತ್ತರೆ ಅಂಗಡಿಯವರಿಗೆ ತೋರಿಸಿ. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಬರುವ ಸ್ವರ, ಅಲ್ಲೇ ಒತ್ತಿದಾಗ ಬರುವ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ ತೋರಬೇಕು. ತೋರದಿದ್ದರೆ ಬ್ರಿಡ್ಜ್‌ನ ಚಿಕ್ಕ ಸ್ಕ್ರೂಗಳಿಂದ ಸರಿಪಡಿಸಬಹುದು, ಅದನ್ನು ಅಲ್ಲಿಯೇ ಮಾಡಿಸಿ. ಆಮೇಲೆ ಪಿಕಪ್ ಸ್ವಿಚ್ ನಡುವೆ ಇಟ್ಟು ಎರಡು ವಾಲ್ಯೂಮ್ ನಾಬ್‌ಗಳನ್ನು ಬೇರೆ ಬೇರೆ ಮಟ್ಟಕ್ಕೆ ತಿರುಗಿಸಿ ಕೇಳಿ. ಕುತ್ತಿಗೆಯ ಪಿಕಪ್‌ನ ದುಂಡುತನಕ್ಕೆ ಬ್ರಿಡ್ಜ್ ಪಿಕಪ್‌ನ ಅಂಚನ್ನು ಎಷ್ಟು ಬೇಕೋ ಅಷ್ಟೇ ಬೆರೆಸಬಹುದು. ಈ ಗಿಟಾರಿನ ಸಿರಿ ಇರುವುದು ಅಲ್ಲಿ. ನಾಬ್‌ಗಳನ್ನು ಹತ್ತಕ್ಕೇ ಏರಿಸಿ ಬಿಟ್ಟವರಿಗೆ ಅದು ದಕ್ಕುವುದೇ ಇಲ್ಲ.

ಹಣ ಉಳಿದರೆ ಒಳ್ಳೆಯ ಸೆಟಪ್‌ಗೆ ಇಡಿ. ಕಡಿಮೆ ಬೆಲೆಯ ಗಿಟಾರಿಗೂ ನಟ್ ಗೀರುಗಳನ್ನು ಹದವಾಗಿ ಅರ ಹಾಕಿ, ಕುತ್ತಿಗೆಯ ಬಾಗನ್ನು ಅದರೊಳಗಿನ ಲೋಹದ ಸರಳಾದ ಟ್ರಸ್ ರಾಡ್‌ನಿಂದ ಸರಿಪಡಿಸಿದರೆ ಅದು ಇನ್ನೊಂದೇ ವಾದ್ಯವಾಗುತ್ತದೆ. ಟ್ರಸ್ ರಾಡ್ ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಲು ಬಿಡಬೇಡಿ.

ಕೆರೆ ಏರಿ, ದಾವಣಗೆರೆ

ಫ್ರೆಟ್‌ಬೋರ್ಡ್ ಬೀಟೆ ಮರದ್ದಾದರೆ ಬೇಸಿಗೆಯಲ್ಲಿ ಬಿಳಚಿಕೊಂಡು ಒಣಗುತ್ತದೆ. ತಂತಿ ಬದಲಿಸುವಾಗ ಫ್ರೆಟ್‌ಬೋರ್ಡ್ ಎಣ್ಣೆಯನ್ನು ಒಂದೆರಡು ಹನಿ ಸವರಿ ಒರೆಸಿಬಿಡಿ. ಜಗತ್ತಿನ ಎಷ್ಟೋ ಗಿಟಾರುಗಳ ಫ್ರೆಟ್‌ಬೋರ್ಡ್ ನಮ್ಮ ಮಲೆನಾಡಿನಲ್ಲಿ ಬೆಳೆಯುವ ಈ ಬೀಟೆಯ ಜಾತಿಯದೇ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. 2017ರಲ್ಲಿ ಬೀಟೆಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಂದಾಗ ಕಂಪನಿಗಳು ಲಾರೆಲ್ ಮುಂತಾದ ಬೇರೆ ಮರಕ್ಕೆ ಹೊರಳಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಲಾರೆಲ್ ಇದ್ದರೂ ಕಳಪೆ ಎಂದು ಬಿಡಬೇಡಿ, ನುಡಿಸುವ ಬೆರಳಿಗೆ ಅಂತಹ ವ್ಯತ್ಯಾಸ ತಿಳಿಯದು.

ಆರು ತಂತಿ, ದಾವಣಗೆರೆ

ಬೆಂಗಳೂರಿಗೆ ಹೋಗಿ ಬಂದೆ. ಐಬಾನೆಜ್ ಎ.ಎಸ್. ಬಗೆಯದೊಂದನ್ನು ಮತ್ತು ಎಪಿಫೋನ್‌ನ 335 ಬಗೆಯದೊಂದನ್ನು ಪಕ್ಕಪಕ್ಕದಲ್ಲಿಟ್ಟು ನುಡಿಸಿದೆ. ಟಾರ್ಚ್ ಬಿಟ್ಟು ಎರಡರಲ್ಲೂ ದಿಮ್ಮಿ ನೋಡಿದೆ. ಎಪಿಫೋನ್ ದನಿ ಸ್ವಲ್ಪ ಗಂಭೀರ, ಆದರೆ ಐಬಾನೆಜ್ ಕುತ್ತಿಗೆ ನನ್ನ ಚಿಕ್ಕ ಕೈಗೆ ಒಪ್ಪಿತು, ನಾಬ್ ಐದರಲ್ಲಿಟ್ಟಾಗ ಬಂದ ದನಿ ನಾನು ಹುಡುಕುತ್ತಿದ್ದದ್ದೇ. ಮುಂಗಡ ಕೊಟ್ಟಿದ್ದೇನೆ, ಸೆಟಪ್ ಮುಗಿಸಿ ಮುಂದಿನ ವಾರ ಕೊಡುತ್ತಾರೆ. ಇದರ ಅಗಲಕ್ಕೆ ನನ್ನ ಹಳೆಯ ಚೀಲ ಸಾಲುವುದಿಲ್ಲ. ಬಸ್ಸಿನಲ್ಲಿ ತರುವುದು ಹೇಗೆ?

ತೆಂಗಿನ ತೋಟ, ಹೊಸದುರ್ಗ

335 ಬಗೆಯದರ ಕೆಳಭಾಗ 16 ಇಂಚು ಅಗಲ, ಸಾಲಿಡ್ ಬಾಡಿ ಚೀಲದಲ್ಲಿ ಹಿಡಿಯದು. ಸೆಮಿ-ಹಾಲೋಗೆಂದೇ ಇರುವ ಗಟ್ಟಿ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಕೊಳ್ಳಿ, ಗಿಟಾರ್ ಒಳಗಿಟ್ಟು ಕುತ್ತಿಗೆಯ ಕೆಳಗೆ ಆಸರೆ ಇದೆಯೇ, ತಲೆ ಎಲ್ಲಿಯೂ ತಾಗದೆ ತೇಲುತ್ತಿದೆಯೇ ನೋಡಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಅಲ್ಲಿನ ಕಾವಿಗೆ ಅಂಟು ಮೆತ್ತಗಾಗುತ್ತದೆ, ಮೇಲೆ ಯಾರದ್ದೋ ಮೂಟೆ ಬೀಳುತ್ತದೆ. ರೈಲಿನಲ್ಲಿ ಬನ್ನಿ, ಮೇಲಿನ ಬರ್ತ್ ಸಿಕ್ಕರೆ ಒಳಬದಿಗೆ ಮಲಗಿಸಬಹುದು.

ಮಿಕ್ಸರ್ ಹಿಂದೆ, ದಾವಣಗೆರೆ

ಮೊದಲ ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಬನ್ನಿ. ಜನ ಸೇರುವ ಮೊದಲೇ ಮಾನಿಟರ್ ಏರಿಸಿ, ಯಾವ ಸ್ವರ ಊದುತ್ತದೆ ಎಂದು ಹುಡುಕಿ ಗುರುತು ಹಾಕಿಕೊಳ್ಳೋಣ. ಸ್ಪಂಜು ಮರೆಯದೆ ತನ್ನಿ.